ನಮ್ಮ ಹಿತ್ತಿಲ ಕೊಳದ ಜೀರ್ಣೋದ್ಧಾರ

ಸರ್ವೆ ಇಲಾಖೆಯಲ್ಲಿ ಅಮೀನನಾಗಿ ಮೂವತ್ತೊಂದು ವರ್ಷ ನಾನು ಹೂಗ್ಲಿ ಜಿಲ್ಲೆಯ ಕೊಳಗಳನ್ನು ಅಳೆದಿದ್ದೇನೆ. ಯಾವ ಕೊಳದ ದಂಡೆಯಲ್ಲಿ ನಿಲ್ಲಿಸಿದರೂ ಅದರ ಉದ್ದ, ಅಗಲ, ಆಳ ಮತ್ತು ಅದಕ್ಕಾಗಿ ಹೊಡೆದಾಡುತ್ತಿರುವ ಅಣ್ಣತಮ್ಮಂದಿರ ಸಂಖ್ಯೆಯನ್ನು ಹೇಳಬಲ್ಲೆ. ನನಗೆ ಗೊತ್ತಿಲ್ಲದ ಕೊಳ ಜಿಲ್ಲೆಯಲ್ಲಿ ಒಂದೇ ಒಂದು. ಅದು ನನ್ನ ಮನೆಯ ಹಿಂದಿನದು.

ಕಾರಣ ಸರಳ. ನಮ್ಮ ಕಡೆ ಹಿತ್ತಿಲ ಕೊಳ ಹೆಂಗಸರದು. ಬೆಳಿಗ್ಗೆ ಪಾತ್ರೆ, ಮಧ್ಯಾಹ್ನ ಸ್ನಾನ, ಸಂಜೆ ಊರ ಸುದ್ದಿ. ಗಂಡಸು ಅತ್ತ ಹೋಗಬೇಕಾದರೆ ಅಡುಗೆಮನೆಯ ಮೂಲೆಯಿಂದಲೇ ಕೆಮ್ಮುತ್ತ ಹೋಗಬೇಕು. ನಿವೃತ್ತನಾದ ಹೊಸದರಲ್ಲಿ ನಾನು ಎಷ್ಟು ಕೆಮ್ಮಿದೆನೆಂದರೆ ಡಾಕ್ಟರು ಎದೆಯ ಎಕ್ಸ್‌ರೇ ತೆಗೆಸಿದರು.

ಆ ಕೊಳವನ್ನು ಉದ್ಧಾರ ಮಾಡುವ ಸಂಕಲ್ಪ ಹುಟ್ಟಿದ್ದು ಮಗ ಟುನುವಿನ ಮದುವೆ ನಿಶ್ಚಯದ ದಿನ. ಮದುವೆಯ ಬೆಳಿಗ್ಗೆ ವರನ ಮನೆಯಿಂದ ವಧುವಿನ ಮನೆಗೆ ಅರಿಶಿನ, ಸೀರೆ, ಮಿಠಾಯಿಗಳ ತಟ್ಟೆಗಳು ಹೋಗುತ್ತವೆ. ಅವುಗಳ ಮುಂದಾಳಾಗಿ ಹೋಗುವುದು, ಮದುಮಗಳಂತೆ ಸೀರೆ ಉಡಿಸಿ ಸಿಂಗರಿಸಿದ ಒಂದು ದೊಡ್ಡ ರುಯಿ ಮೀನು. ವರನ ಮನೆತನದ ತೂಕವನ್ನು ಆ ಮೀನಿನ ತೂಕದಿಂದಲೇ ಅಳೆಯುವುದು ರೂಢಿ. ವಧುವಿನ ದೊಡ್ಡಪ್ಪ ದೋಲಗೋವಿಂದ ಶಾಸ್ಮಲರು ಮೀನು ಮಂಡಿಯ ಸಗಟು ವ್ಯಾಪಾರಿ. ಸಂದೇಶ್ ಮಿಠಾಯಿ ಮೆಲ್ಲುತ್ತ ಅವರು ಹೇಳಿದರು:

"ಮೀನಿನ ವಿಷ್ಯಕ್ಕೆ ತಲೆ ಕೆಡಿಸ್ಕೋಬೇಡಿ ಬೀಗರೇ. ಈಗೆಲ್ಲ ಬರೋದು ಆಂಧ್ರದಿಂದ, ಐಸಲ್ಲಿ ಮಲಗಿ. ನಮ್ಮ ಮಂಡಿಯಿಂದಾನೇ ಒಂದು ಕಳಿಸ್ತೀನಿ. ನೀವದಕ್ಕೆ ಸೀರೆ ಉಡಿಸಿ ನಮಗೇ ವಾಪಸ್ ಕಳಿಸಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. "ಮೀನು ನಮ್ಮ ಸ್ವಂತ ಕೊಳದಿಂದಲೇ ಬರುತ್ತೆ" ಎಂದು ಘೋಷಿಸಿಬಿಟ್ಟೆ. ಪರದೆಯ ಹಿಂದಿನಿಂದ ನನ್ನ ಹೆಂಡತಿ ಬೀಣಾಪಾಣಿ ಕೆಮ್ಮಿದಳು. (ಕೆಮ್ಮುವ ಹಕ್ಕು ನಮ್ಮ ಮನೆಯಲ್ಲಿ ನನ್ನೊಬ್ಬನಿಗೇ ಎಂದುಕೊಂಡಿದ್ದೆ.)

ವೈಶಾಖದಲ್ಲಿ ಬ್ಲಾಕ್ ಆಫೀಸಿನಿಂದ ಮೀನು ಸಾಕಣೆಯ ಕೈಪಿಡಿ ತಂದೆ. ಇಪ್ಪತ್ತನಾಲ್ಕು ಪುಟ, ಎರಡು ಸಲ ಓದಿ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದೆ. ಅನಂತರ ಮನೆಯ ಮಂತ್ರಿಮಂಡಲದ ಸಭೆ ಕರೆದೆ. ಮಂತ್ರಿಮಂಡಲ ನುಗ್ಗೆಸೊಪ್ಪು ಬಿಡಿಸುತ್ತ ಕುಳಿತಿತ್ತು.

"ಪುಟ ಏಳು. ಮರಿ ಬಿಡುವ ಮೊದಲು ಕೊಳದಲ್ಲಿರೋ ಹಳೆ ಮೀನನ್ನೆಲ್ಲ ತೆಗೀಬೇಕು. ಇಲ್ಲದಿದ್ರೆ ಮರಿಗಳನ್ನ ನುಂಗಿಹಾಕ್ತವೆ. ಹಿಪ್ಪೆ ಹಿಂಡಿ ಕದಡಿದ್ರೆ ಎಲ್ಲ ಸತ್ತು ತೇಲಿ ಬರ್ತವೆ."

"ಎಲ್ಲ ಅಂದ್ರೆ ಒಳ್ಳೇದೂನಾ? ಅದರಲ್ಲಿ ದೊಡ್ಡ ರುಯಿ ಇದೆ ರೀ."

"ನಿನ್ನ ಕೊಳದಲ್ಲಿ ಇರೋದು ಕೊರವ, ಪುಂಟಿ, ಕಪ್ಪೆ."

"ದಿನಾ ಮಧ್ಯಾಹ್ನ ಅನ್ನ ಹಾಕೋಳು ನಾನು. ಮೆಟ್ಟಿಲ ಹತ್ರಾನೇ ಬರ್ತಾಳೆ. ಮೂಗುತಿ ಬೇರೆ ಹಾಕ್ಕೊಂಡಿದ್ದಾಳೆ."

ನಾನು ಕೈಪಿಡಿ ಕೆಳಗಿಟ್ಟು ಮನಸಾರೆ ನಕ್ಕೆ. ಮೀನಿಗೆ ಮೂಗುತಿ! "ನೋಡು ಟುನುವಿನ ಅಮ್ಮ, ನೀನು ಕಂಡಿರೋದು ನೀರಿನಡಿಯ ತಾಳೆ ದಿಮ್ಮಿ. ಮೂರು ವರ್ಷದ ಹಿಂದೆ ನೀವೆಲ್ಲ ಮಲಗಿದ್ದಾಗ ನಾನು ಗಾಳ ಹಾಕಿದ್ದೆನಲ್ಲ, ಅಕ್ಕಸಾಲಿಗನ ಹತ್ತಿರ ಮಾಡಿಸಿದ ಹಿತ್ತಾಳೆ ಗಾಳ, ಅದನ್ನ ದಾರದ ಸಮೇತ ನುಂಗಿದ್ದು ಅದೇ ದಿಮ್ಮಿ."

"ದಿಮ್ಮಿ ಎಳೀತಾ?"

"ಸಿಕ್ಕಿಹಾಕ್ಕೊಂಡ್ರೆ ಎಳೆದ ಹಾಗೇ ಅನ್ಸುತ್ತೆ."

"ಸರಿ," ಎಂದಳು. ಮೂವತ್ತು ವರ್ಷದ ದಾಂಪತ್ಯದಲ್ಲಿ ಬೀಣಾಪಾಣಿ 'ಸರಿ' ಎಂದಾಗಲೆಲ್ಲ ನಾನು ಗೆದ್ದೆನೆಂದೇ ತಿಳಿದಿದ್ದೇನೆ. ಈಗ ಹಿಂತಿರುಗಿ ನೋಡಿದರೆ, ಒಂದು ಸಲವೂ ಗೆದ್ದಂತಿಲ್ಲ.

ಹಿಂಡಿ ತರಲು ಚುಂಚುಡಾಕ್ಕೆ ಹೋಗಿ ಮಾರನೆಯ ದಿನ ಮರಳಿದೆ. ಅಂಗಳವೆಲ್ಲ ಕೆಸರು. ಬೀಣಾಪಾಣಿಯ ಸೀರೆ ಮೊಣಕಾಲವರೆಗೆ ಒದ್ದೆ. ಮದುವೆ ಅಡುಗೆಯ ದೊಡ್ಡ ಹಂಡೆ ಬೋರಲು ಬಿದ್ದಿತ್ತು. ಪಕ್ಕದ ಮನೆಯ ಖೇಂತಿ ಪಿಸಿ (ವಯಸ್ಸು ಎಪ್ಪತ್ತೆರಡು, ಇಡೀ ಓಣಿಗೆ ಸೋದರತ್ತೆ) ನಮ್ಮ ಜಗಲಿಯಲ್ಲಿ ಏದುಸಿರು ಬಿಡುತ್ತ ಕುಳಿತಿದ್ದರು.

"ಏನಿದು?"

"ಕೌದಿ ಒಗೆದ್ವಿ," ಎಂದಳು ಬೀಣಾಪಾಣಿ.

"ಭಾರೀ ಕೌದಿ ಕಣೋ ಹರಿ," ಎಂದರು ಪಿಸಿ. "ಒದ್ದಾಡ್ತಿತ್ತು."

ಎಪ್ಪತ್ತೆರಡರಲ್ಲಿ ಮಾತು ಅಲ್ಲಲ್ಲಿ ಜಾರುವುದು ಸಹಜ. ನಾನು ಹಿಂಡಿ ನೆನೆಹಾಕಲು ಹೋದೆ.

ಮರುದಿನ ಬೆಳಿಗ್ಗೆ ಹಿಂಡಿಯ ನೀರು ಎರಚಿದೆ. ಮಧ್ಯಾಹ್ನದೊಳಗೆ ಕೊರವ, ಪುಂಟಿ, ಮುಳ್ಳುಮೀನುಗಳು ಬೆಳ್ಳಗೆ ತೇಲಿದವು. ಓಣಿಯವರು ಬುಟ್ಟಿ ತಂದು ಹೆಕ್ಕಿಕೊಂಡು ಹೋದರು. ರುಯಿ? ಬೆರಳಷ್ಟು ಉದ್ದದ್ದೂ ಇಲ್ಲ.

"ಎಲ್ಲಿ ನಿನ್ನ ಮೂಗುತಿ ಸುಂದರಿ?"

"ತವರಿಗೆ ಹೋಗಿರಬೇಕು," ಎಂದು ಬೀಣಾಪಾಣಿ ನಕ್ಕಳು. ಸೋತವರ ನಗು ಎಂದು ನಾನು ಟಿಪ್ಪಣಿ ಮಾಡಿಕೊಂಡೆ.

ಆಮೇಲೆ ಪಂಪು ಹಚ್ಚಿ ಕೊಳ ಬತ್ತಿಸಿ ಹೂಳು ತೆಗೆಸಿದೆ.

"ಬತ್ತಿಸೋದೇ ಆಗಿದ್ರೆ ಹಿಂಡಿ ಯಾಕೆ ಹಾಕಿದ್ರಿ? ಬುಟ್ಟೀಲೇ ಬಾಚಬಹುದಿತ್ತಲ್ಲ?"

"ಹಿಂಡಿ ಪುಟ ಏಳರಲ್ಲಿದೆ. ಹೂಳು ಪುಟ ಹನ್ನೊಂದರಲ್ಲಿದೆ. ಕ್ರಮ ಅಂದ್ರೆ ಕ್ರಮ."

ಹೂಳು ಪೂರ್ತಿ ತೆಗೆದರೂ ತಾಳೆ ದಿಮ್ಮಿ ಸಿಗಲಿಲ್ಲ. ಕೊಳೆತು ಹೋಗಿರಬೇಕೆಂದು ತೀರ್ಮಾನಿಸಿದೆ. ಹಿತ್ತಾಳೆ ಗಾಳವೂ ಸಿಗಲಿಲ್ಲ. ಹಿತ್ತಾಳೆ ಕೊಳೆಯುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಸುಣ್ಣ ಹಾಕಿದೆ, ಸಗಣಿ ಹಾಕಿದೆ. ಆಷಾಢದ ಮಳೆಗೆ ಕೊಳ ತುಂಬಿ, ನೀರು ಹದವಾಗಿ ಹಸಿರಾಯಿತು. ಅಲ್ಯೂಮಿನಿಯಂ ಹಂಡೆಗಳಲ್ಲಿ ನೀರನ್ನು ಕೈಯಿಂದ ತಟ್ಟುತ್ತ ಮರಿ ಮಾರುವವರು ಬಂದರು. ಐದು ಕಾಠಾ (ಸುಮಾರು ಮೂರೂಕಾಲು ಗುಂಟೆ) ಕೊಳಕ್ಕೆ ಲೆಕ್ಕ ಹಾಕಿ ಐನೂರು ಮರಿ ಬಿಟ್ಟೆ. ಮೆಟ್ಟಿಲ ಮೇಲೆ ಹಲಗೆ ನೆಟ್ಟೆ: 'ಸೋಪು, ಪಾತ್ರೆ, ಸ್ನಾನ ನಿಷಿದ್ಧ.'

ಬೀಣಾಪಾಣಿ ಹಲಗೆಯನ್ನು ಓದಿ, ಪಾತ್ರೆಗಳನ್ನು ಸೊಂಟಕ್ಕೇರಿಸಿ, ಖೇಂತಿ ಪಿಸಿಯ ಕೊಳಕ್ಕೆ ನಡೆದಳು. ಅಂದಿನಿಂದ ದಿನವೂ ಮಧ್ಯಾಹ್ನ ಅಲ್ಲಿಗೇ. ಜೊತೆಗೆ ಒಂದು ಬಟ್ಟಲು ಅನ್ನ.

"ಅನ್ನ ಯಾಕೆ?"

"ಪಿಸಿಗೆ ಹಲ್ಲಿಲ್ಲ. ಮೆತ್ತಗಿನ ಅನ್ನ ಬೇಕು."

ಅನುಕಂಪ ನಮ್ಮ ಮನೆತನದ ಗುಣ. ನಾನು ಹೆಮ್ಮೆಪಟ್ಟೆ.

ಮದುವೆ ಮಾರ್ಗಶಿರದಲ್ಲಿ. ಹತ್ತು ದಿನ ಮುಂಚೆ ಬಲೆ ಎಳೆಸಿದೆ. ಮರಿಗಳು ಚೆನ್ನಾಗಿಯೇ ಬೆಳೆದಿದ್ದವು. ಬೆಸ್ತ ಬಲರಾಮ ಪಾರುಯಿ ಅತ್ಯಂತ ದೊಡ್ಡದನ್ನು ಆರಿಸಿ ನನ್ನ ಅಂಗೈಯಲ್ಲಿಟ್ಟ. ಅದು ಅಂಗೈಯಿಂದ ಸ್ವಲ್ಪವೇ ಹೊರಗೆ ಚಾಚಿತ್ತು.

"ಐದು ತಿಂಗಳಿಗೆ ಇದು ಚಿನ್ನದಂಥ ಬೆಳೆ, ಅಮೀನ್ ಬಾಬು. ಕಾಲು ಕಿಲೋಗೆ ಮೋಸ ಇಲ್ಲ."

ಬೀಣಾಪಾಣಿ ಬಗ್ಗಿ ನೋಡಿದಳು. "ಇದಕ್ಕೆ ಸೀರೆ ಬೇಡ ರೀ. ನಿಮ್ಮ ಕರ್ಚೀಫ್ ಸಾಕು."

ಕೈಪಿಡಿಯ ಇಪ್ಪತ್ತನಾಲ್ಕೂ ಪುಟ ಮತ್ತೆ ಓದಿದೆ. ಐದು ತಿಂಗಳಲ್ಲಿ ಮೀನು ಎಷ್ಟು ಬೆಳೆಯುತ್ತದೆಂದು ಹತ್ತೊಂಬತ್ತನೆಯ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆ ಸಾಲಿನ ಕೆಳಗೆ ಕೆಂಪು ಗೆರೆಯೂ ಇತ್ತು, ನಾನೇ ಎಳೆದದ್ದು. ಅದೇ ಸಂಜೆ ದೋಲಗೋವಿಂದರ ಫೋನು: "ಹೇಗಿದೆ ಬೀಗರೇ ನಿಮ್ಮ ಕೊಳ? ಮಂಡಿಯಲ್ಲೊಂದು ತೆಗೆದಿಡ್ಲಾ?"

"ಬೇಡ. ಮೀನು ಸಿದ್ಧವಾಗಿದೆ," ಎಂದೆ.

ಫೋನು ಇಡುವಾಗ ಹಿಂದೆ ನಿಂತಿದ್ದ ಬೀಣಾಪಾಣಿ ತಾನಾಗಿಯೇ ಹೇಳಿದಳು. "ಪಿಸಿಯ ಕೊಳದಲ್ಲಿ ಒಂದು ದೊಡ್ಡ ರುಯಿ ಇದೆ ಅಂತಾರೆ. ಹೋಗಿ ಕೇಳಿ ನೋಡಿ."

ಹೋದೆ. ಪಿಸಿ ಎಲೆಅಡಿಕೆ ಕುಟ್ಟುತ್ತಿದ್ದರು.

"ಕೊಡ್ತೀನಿ ಕಣೋ. ದುಡ್ಡು ಗಿಡ್ಡು ಬೇಡ. ನನ್ನ ಕೊಳದ ಅರ್ಧ ಅಂತರಗಂಗೆ ಮುಚ್ಚಿದೆ, ನೋಡಿದ್ಯಾ? ಅದನ್ನ ಕಿತ್ತು ಕೊಡು."

"ಆಳು ಕಳಿಸ್ತೀನಿ ಪಿಸಿ."

"ಆಳಿಗೆ ಪುಸ್ತಕ ಓದೋಕೆ ಬರುತ್ತಾ? ನೀನೇ ಬಾ. ಕೊಳದ ಕೆಲಸ ಕಲಿತವನು."

ಹೀಗೆ ನಿವೃತ್ತ ಅಮೀನ ಹರಿಸಾಧನ ಕುಂಡು, ವಯಸ್ಸು ಅರವತ್ತೊಂದು, ಮಗನ ಮದುವೆಯ ವಾರದಲ್ಲಿ, ಮಾರ್ಗಶಿರದ ಕೊರೆಯುವ ನೀರಿನಲ್ಲಿ, ಎದೆಮಟ್ಟ ನಿಂತು ಐದು ದಿನ ಅಂತರಗಂಗೆ ಕಿತ್ತ. ಪಿಸಿ ಮೆಟ್ಟಿಲ ಮೇಲೆ ಮಣೆ ಹಾಕಿಕೊಂಡು ಮೇಲ್ವಿಚಾರಣೆ ನಡೆಸಿದರು. "ಆ ಮೂಲೇಲಿ ಬಿಟ್ಟೆ ನೋಡು. ಬೇರು ಸಮೇತ ತೆಗಿ, ಇದೇನು ಹಜಾಮತಿನಾ?" ಪಕ್ಕದ ಮೆಟ್ಟಿಲಲ್ಲಿ ಬೀಣಾಪಾಣಿ ಪಾತ್ರೆ ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ. ಹೆಗಲು ಮಾತ್ರ ಕುಲುಕುತ್ತಿತ್ತು. ಗಂಡನ ಕಷ್ಟ ನೋಡಲಾರದೆ ಅಳುತ್ತಿದ್ದಾಳೆಂದುಕೊಂಡೆ.

ಮದುವೆಯ ಬೆಳಿಗ್ಗೆ ಬಲರಾಮ ಬಲೆ ಎಳೆದ. ಬಂದದ್ದು ಒಂಬತ್ತು ಕಿಲೋ ರುಯಿ. ಮೆಟ್ಟಿಲ ಕಡೆಯ ನೀರು ಸ್ವಚ್ಛವಾಗಿದ್ದರಿಂದ ಮೊದಲ ಎಳೆತಕ್ಕೇ ಸಿಕ್ಕಿತು (ಶ್ರಮ ಯಾರದೆಂದು ಯಾರೂ ಕೇಳಲಿಲ್ಲ). ಅದನ್ನು ಬಾಳೆಎಲೆಯ ಮೇಲೆ ಮಲಗಿಸಿ ಹೆಂಗಸರು ಸುತ್ತ ಕುಳಿತರು. ಕೆಂಪು ಸೀರೆ ಸುತ್ತಿದರು, ಹಣೆಗೆ ಸಿಂಧೂರ ಇಟ್ಟರು, ಬಾಯಿಗೆ ಎಲೆಅಡಿಕೆ. ನನ್ನ ತಂಗಿ ಮೂಗುತಿ ಹಿಡಿದು ಬಗ್ಗಿದಳು, ತಟ್ಟನೆ ನೆಟ್ಟಗಾದಳು.

"ಅತ್ತಿಗೇ, ಇದಕ್ಕೆ ಮೊದಲೇ ಮೂಗುತಿ ಇದೆ!"

ಬೀಣಾಪಾಣಿ ಹತ್ತಿರ ಬಂದು, ಮೀನಿನ ತುಟಿಯಿಂದ ಏನನ್ನೋ ಮೆಲ್ಲಗೆ ಬಿಡಿಸಿ, ಸೆರಗಿನಲ್ಲಿ ಒರೆಸಿ, ನನ್ನ ಅಂಗೈಯಲ್ಲಿಟ್ಟಳು. ಹಿತ್ತಾಳೆ ಗಾಳ. ಹಿಡಿಯ ಬಳಿ ಅಕ್ಕಸಾಲಿಗ ಕೆತ್ತಿದ್ದ 'ಹ' ಇನ್ನೂ ಓದುವಂತಿತ್ತು.

"ನಿಮ್ಮ ದಿಮ್ಮಿ ವಾಪಸ್ ಕೊಟ್ಟಿದೆ, ತಗೊಳ್ಳಿ."

"ಅಂದ್ರೆ... ಆ ಕೌದಿ..."

"ಭಾರೀ ಒದ್ದಾಡ್ತು ಅಂತ ಅವತ್ತೇ ಹೇಳಿದ್ನಲ್ಲೋ," ಎಂದರು ಖೇಂತಿ ಪಿಸಿ.

"ಟುನುಗೆ ಕೆಲಸ ಸಿಕ್ಕ ವರ್ಷ, ಅವನ ಮದುವೆಗೆ ಅಂತಲೇ ಮರಿ ತಂದು ಬಿಟ್ಟಿದ್ದು," ಎಂದಳು ಬೀಣಾಪಾಣಿ. "ನೀವು ವಿಷ ಹಾಕ್ತೀನಿ ಅಂದ್ರೆ ಸುಮ್ನೆ ಇರಕ್ಕಾಗುತ್ತಾ?"

"ಹಾಗಿದ್ರೆ ನಾನು ಐದು ದಿನ ನೀರಲ್ಲಿ ಯಾಕೆ ನಿಂತೆ?"

"ಪಿಸಿ ಆರೇಳು ತಿಂಗಳು ಜಾಗ ಕೊಟ್ಟಿದ್ದಾರೆ. ಬಾಡಿಗೆ ಬೇಡ್ವಾ?"

'ಮೀನು ಸಿದ್ಧವಾಗಿದೆ' ಎಂದು ನಾನು ಬೀಗರಿಗೆ ಹೇಳಿದ್ದು ನನ್ನ ಜೀವಮಾನದ ಅತಿ ದೊಡ್ಡ ಸುಳ್ಳು. ಬೀಣಾಪಾಣಿ ಅದನ್ನೂ ನಿಜ ಮಾಡಿ ನನ್ನ ಕೈಯಿಂದ ಕಿತ್ತುಕೊಂಡಿದ್ದಳು.

ಗೋಧೂಳಿ ಲಗ್ನಕ್ಕೆ ದಿಬ್ಬಣ ಹೊರಟಿತು. ನಮ್ಮಲ್ಲಿ ಮಗನ ಮದುವೆಗೆ ತಾಯಿ ಹೋಗುವ ಪದ್ಧತಿಯಿಲ್ಲ. ಆದ್ದರಿಂದ ವಧುವಿನ ಮನೆಯಲ್ಲಿ ಸತ್ಯ ಗೊತ್ತಿದ್ದವನು ನಾನೊಬ್ಬನೇ. ದೋಲಗೋವಿಂದರು ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡರು.

"ನಲವತ್ತು ವರ್ಷ ಮೀನು ಮಾರಿದೀನಿ ಬೀಗರೇ. ಕಿವಿರು ನೋಡಿದ್ರೆ ಊರು ಹೇಳ್ತೀನಿ. ಇದು ಅನ್ನ ತಿಂದು ಬೆಳೆದ ಮನೆ ಮೀನು! ಹೇಗೆ ಬೆಳೆಸಿದ್ರಿ?"

ಜೇಬಿನಲ್ಲಿ ಗಾಳ ಇತ್ತು. ಕೈ ಹಾಕಿದೆ, ಚುಚ್ಚಿತು. ಆದರೂ ನಾನು ಆರಂಭಿಸಿದ್ದು ಪುಟ ಏಳರಿಂದ. ಹಿಪ್ಪೆ ಹಿಂಡಿ, ಹೂಳು, ಸುಣ್ಣ, ಸಗಣಿ. ಅರ್ಧ ಗಂಟೆ ಮಾತಾಡಿದೆ. ಬೀಗರ ಬಳಗ ಬಾಯಿ ತೆರೆದು ಕೇಳಿತು.

"ಮಾಘದಲ್ಲಿ ನನ್ನ ಕಿರಿಮಗನ ಮದುವೆ," ಎಂದರು ದೋಲಗೋವಿಂದರು, ಕಣ್ಣು ಒದ್ದೆ ಮಾಡಿಕೊಂಡು. "ಮಂಡಿಯ ಐಸು ಮೀನು ನನಗೇ ಬೇಡ. ಇಂಥದ್ದೇ ಇನ್ನೊಂದು..."

"ಕಳಿಸಿದೆ ಅಂದುಕೊಳ್ಳಿ," ಎಂದೆ.

ಮರುದಿನ ಸೊಸೆಯನ್ನು ಮನೆ ತುಂಬಿಸಿಕೊಂಡು, ಶಂಖದ ಸದ್ದು ಅಡಗಿದ ಮೇಲೆ, ಅಡುಗೆಮನೆಯ ಮೂಲೆಯಲ್ಲಿ ನಿಂತು ಕೆಮ್ಮಿದೆ. ಬೀಣಾಪಾಣಿ ಹೊರಬಂದಳು. ವಿಷಯ ಹೇಳಿದೆ. ಎಲ್ಲವನ್ನೂ ಶಾಂತವಾಗಿ ಕೇಳಿದಳು.

"ಇನ್ನೊಂದು ಇದೆ," ಎಂದಳು. "ಅವತ್ತು ಹಂಡೆಯಲ್ಲಿ ಎರಡು ಸಲ ಹೊತ್ತಿದ್ವಿ."

ನನ್ನ ಜೀವ ಮರಳಿತು. "ಎಲ್ಲಿದೆ?"

"ಪಿಸಿಯ ಕೊಳದಲ್ಲೇ. ಅದರ ಬಾಡಿಗೆ ಬೇರೆ. ಅಂತರಗಂಗೆಯ ಇನ್ನರ್ಧ ಕೊಳದ ಆಚೆ ಮಗ್ಗುಲಲ್ಲಿ, ಬಿದಿರಿನ ಮೆಳೆಯ ಹಿಂದೆ ಇದೆ. ಆ ಕಡೆ ನೀವು ನೋಡಿಲ್ಲ," ಎಂದು ನನ್ನ ಹಳೇ ಪಂಚೆಯನ್ನು ಮಡಿಕೆ ಬಿಡಿಸಿ ಕೈಗೆ ಕೊಟ್ಟಳು. "ಮಾಘದ ನೀರು ಇನ್ನೂ ತಣ್ಣಗಿರುತ್ತೆ. ಇವತ್ತೇ ಶುರು ಮಾಡಿ."