ಎಂದೂ ಮಾರದ ಅಣ್ಣ, ಸಂಜೆಗೇ ಮಾರುವ ತಮ್ಮ

ಶೇರು ಕೊಂಡು ಎಂದೂ ಮಾರದವನೊಬ್ಬ, ಶೇರು ಕೊಂಡು ಸಂಜೆಯವರೆಗೂ ಇಟ್ಟುಕೊಳ್ಳದವನೊಬ್ಬ ಒಂದೇ ಮನೆಯಲ್ಲಿದ್ದರೆ, ನಗುವುದಕ್ಕೆ ಅಕ್ಕಪಕ್ಕದವರ ಮನೆಗೆ ಹೋಗಬೇಕಾಗಿಲ್ಲ. ನಾನು ಮದುವೆಯಾಗಿ ಧಾರವಾಡದಿಂದ ಮುಂಬಯಿಗೆ ಬಂದದ್ದು ಐವತ್ತರ ದಶಕದಲ್ಲಿ. ಕುರ್ಲಾದ ಚಾಳಿನಲ್ಲಿ ಎರಡು ಖೋಲಿ. ಅದರಲ್ಲಿ ನಾನು, ನಮ್ಮವರು, ಅವರ ತಮ್ಮ, ಇಬ್ಬರನ್ನೂ ಹೆತ್ತ ಅತ್ತೆ.

ನಮ್ಮವರು ಫೋರ್ಟಿನ ಒಂದು ಕಚೇರಿಯಲ್ಲಿ ಗುಮಾಸ್ತರು. ಪರೇಲಿನ ಒಂದು ಬಟ್ಟೆ ಮಿಲ್ಲಿನ ಹತ್ತೇ ಹತ್ತು ಶೇರು ಕೊಂಡು ಟ್ರಂಕಿನ ತಳದಲ್ಲಿಟ್ಟಿದ್ದರು. "ಶೇರು ಅಂದ್ರ ಮಗಳಲ್ಲ, ಕೊಟ್ಟು ಕಳಸಲಿಕ್ಕೆ. ಸೊಸಿ ಇದ್ದಂಗ. ಬಂದ ಮ್ಯಾಲೆ ಮನ್ಯಾಗ ಇರಬೇಕು" ಎನ್ನುತ್ತಿದ್ದರು. ಮೈದುನ ಒಂದು ಅಂಗಡಿಯ ಕೆಲಸ ಬಿಟ್ಟು, ಶೇರ್ ಬಜಾರದ ಒಬ್ಬ ದಲಾಲನ ಕೈಕೆಳಗೆ ಬೆಳಿಗ್ಗೆ ಕೊಂಡು ಸಂಜೆಗೆ ಮಾರುವುದನ್ನೇ ಉದ್ಯೋಗ ಮಾಡಿಕೊಂಡಿದ್ದ. "ಶೇರು ಅಂದ್ರ ಹಾಲು ಇದ್ದಂಗ, ವೈನಿ. ಸಂಜಿ ತನಕ ಇಟ್ರ ಒಡೀತದ" ಎನ್ನುವುದು ಅತ್ತಿಗೆಯಾದ ನನ್ನ ಮುಂದೆ ಅವನು ಹೇಳುತ್ತಿದ್ದ ವೇದಾಂತ.

ಅಣ್ಣ ಮಾರುತ್ತಿರಲಿಲ್ಲ, ಹಾಗಾಗಿ ದುಡ್ಡು ಬರುತ್ತಿರಲಿಲ್ಲ. ತಮ್ಮ ದಿನಾ ಮಾರುತ್ತಿದ್ದ, ಆದರೂ ದುಡ್ಡು ಬರುತ್ತಿರಲಿಲ್ಲ. ಮನೆ ನಡೆಯುತ್ತಿದ್ದದ್ದು ಗುಮಾಸ್ತಿಕೆಯ ಸಂಬಳದಿಂದ. ಅದನ್ನು ಇಬ್ಬರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ತೇಜಿ ಮತ್ತು ಮಂದಿ

ಬಜಾರದ ಭಾಷೆಯಲ್ಲಿ ಭಾವ ಅಂದರೆ ಬೆಲೆ. ಅದು ಏರಿದರೆ ತೇಜಿ, ಇಳಿದರೆ ಮಂದಿ. ನಮ್ಮ ಅತ್ತೆಯ ಕನ್ನಡದಲ್ಲಿ ತೇಜಿ ಅಂದರೆ ಕುದುರೆ, ಮಂದಿ ಅಂದರೆ ಜನ.

ಒಂದು ಸಂಜೆ ಮೈದುನ ಚಾಳಿನ ಮೆಟ್ಟಿಲು ಹಾರುತ್ತ ಬಂದ. "ಅವ್ವಾ, ಇವತ್ತ ತೇಜಿ ಬಂತು! ಹಾಕಿದ್ದೆಲ್ಲಾ ಎರಡರಷ್ಟಾತು!"

ಅತ್ತೆಯ ಮುಖ ಬಾಡಿತು. ಮಹಾಲಕ್ಷ್ಮಿಯ ಮೈದಾನದಲ್ಲಿ ಕುದುರೆ ಓಡಿಸಿ ಜೂಜಾಡುತ್ತಾರೆಂದು ಚಾಳಿನ ಹೆಂಗಸರು ಹೇಳಿದ್ದು ಅವರ ಕಿವಿಗೆ ಬಿದ್ದಿತ್ತು. "ಮನಿತನ ಮುಳುಗಿತು" ಎಂದು ಹಣೆಗೆ ಕೈ ಹಚ್ಚಿದರು. ಅವತ್ತು ರಾತ್ರಿ ಮಗನಿಗೆ ಬಡಿಸಲೇ ಇಲ್ಲ, ನಾನೇ ಬಡಿಸಿದೆ. ಮರುದಿನದಿಂದ ಹನುಮಪ್ಪನಿಗೆ ಹರಕೆ ಹೊತ್ತು ಸಕ್ಕರೆ ತಿನ್ನುವುದನ್ನೇ ಬಿಟ್ಟರು.

ಎಂಟು ದಿನ ಕಳೆದಿರಬೇಕು. ಮೈದುನ ಕಾಲೆಳೆಯುತ್ತ ಬಂದು ಗೋಡೆಗೆ ಒರಗಿ ಕೂತ. "ಮುಳುಗಿದೆ ಅವ್ವಾ. ಗಳಿಸಿದ್ದೆಲ್ಲಾ ಹೋತು. ಬಜಾರದಾಗ ಎಲ್ಲೆ ನೋಡಿದ್ರೂ ಮಂದಿ."

"ಮಂದಿ ಇದ್ರ ಛಲೋನ ಆತಲ್ಲೋ!" ಅತ್ತೆ ಎದ್ದು ನಿಂತರು. "ಮಂದಿ ಇದ್ದಲ್ಲೇ ವ್ಯಾಪಾರ. ಆ ತೇಜಿ ಬಿಟ್ಟಿಯಲ್ಲಾ, ದೇವರು ದೊಡ್ಡಾಂವ!" ಎಂದವರೇ ಒಲೆ ಹೊತ್ತಿಸಿ, ಕೈತುಂಬ ತುಪ್ಪ ಹಾಕಿ ಶಿರಾ ಮಾಡಿದರು.

ಎಲ್ಲಾ ಕಳಕೊಂಡು ಬಂದವನು ಎರಡೆರಡು ಸಲ ಹಾಕಿಸಿಕೊಂಡು ತಿಂದ. ನಾನು ನೋಡುತ್ತಿದ್ದುದನ್ನು ಕಂಡು ಮೆಲ್ಲಗೆ ಹೇಳಿದ, "ಇವತ್ತ ತಿಂದುಬಿಡ್ತೀನಿ, ವೈನಿ. ನಾಳೆ ತೇಜಿ ಬಂತಂದ್ರ ಊಟಾನೂ ಸಿಗೂದಿಲ್ಲ."

ನಮ್ಮ ಮಿಲ್ಲು

ಮಗ ಮಿಲ್ಲಿನ ಪಾಲುದಾರನೆಂದು ತಿಳಿದ ಮೇಲೆ ಅತ್ತೆಗೆ ಅದನ್ನು ಕಣ್ಣಾರೆ ನೋಡುವ ಆಸೆ. ಒಂದು ರಜೆಯ ದಿನ ನಮ್ಮವರು ಕೋಟು ಟೊಪ್ಪಿಗೆ ಹಾಕಿಕೊಂಡು ನಮ್ಮನ್ನು ಲೋಕಲ್ಲಿನಲ್ಲಿ ಪರೇಲಿಗೆ ಕರೆದುಕೊಂಡು ಹೋದರು.

ಅತ್ತೆ ಗೇಟಿನ ಎದುರು ನಿಂತು ಚಿಮಣಿಯ ತುದಿಯವರೆಗೂ ನೋಡಿದರು. "ಇದರಾಗ ನಮ್ಮದು ಯಾವದು?"

"ಹಂಗಲ್ಲವ್ವಾ. ಎಲ್ಲಾದರಾಗೂ ಒಂದಿಷ್ಟು ನಮ್ಮದು."

"ಹಂಗಾದ್ರ ನಡಿ, ಒಳಗ ಹೋಗೂಣು. ನಮ್ಮದನ್ನ ನಾವು ನೋಡ್ಲಿಕ್ಕೆ ಯಾರ ಅಪ್ಪಣಿ ಬೇಕು?" ಎಂದು ಅತ್ತೆ ಹೊರಟೇಬಿಟ್ಟರು.

ಪಠಾಣ ವಾಚ್‌ಮನ್ ಕೋಲು ಅಡ್ಡ ಹಿಡಿದ. ನಮ್ಮವರು ಕೋಟು ಸರಿಮಾಡಿಕೊಂಡು, ತಮಗೆ ಬರುತ್ತಿದ್ದ ಹಿಂದಿಯಲ್ಲಿ ಹೇಳಿದರು, "ಹಮ್ ಇಸ್ ಮಿಲ್ ಕಾ ಮಾಲಿಕ್ ಹೈ." ಅವನ ಮೀಸೆ ನೋಡಿ ತಕ್ಷಣ ಒಡೆತನವನ್ನು ಒಂದಿಷ್ಟಕ್ಕೆ ಇಳಿಸಿದರು, "ಮತಲಬ್, ಥೋಡಾ ಥೋಡಾ."

ಪಠಾಣ ಅವರ ಟೊಪ್ಪಿಗೆ ನೋಡಿದ, ಸವೆದ ಚಪ್ಪಲಿ ನೋಡಿದ, ಪಕ್ಕದಲ್ಲಿದ್ದ ಮುದುಕಿಯನ್ನು ನೋಡಿದ. ಅವನ ಮನಸ್ಸು ಕರಗಿತು. ಹತ್ತಿರ ಬಂದು ದನಿ ತಗ್ಗಿಸಿ ಹೇಳಿದ: ನಾಳೆ ಬೆಳಿಗ್ಗೆ ಬೇಗ ಬಂದು ಬದಲಿ ಕೂಲಿಗಳ ಸಾಲಿನಲ್ಲಿ ನಿಂತುಕೋ, ಯಾರಾದರೂ ಗೈರುಹಾಜರಾದರೆ ನಿನ್ನನ್ನು ತೆಗೆದುಕೊಳ್ಳುತ್ತಾರೆ. ಆದರೆ ಮಾಲಿಕ ಅಂತ ಮಾತ್ರ ಹೇಳಬೇಡ, ಕೂಲಿಗಳನ್ನು ಆರಿಸುವ ಮುಕಾದಮನಿಗೆ ಸಿಟ್ಟು ಬರುತ್ತದೆ.

ಹಿಂದಿರುಗುವಾಗ ನಮ್ಮವರ ಮುಖ ಸಣ್ಣಗಾಗಿತ್ತು. ದಾದರ್ ದಾಟಿದ ಮೇಲೆ ಅವರಿಗೆ ಸಮಾಧಾನ ಸಿಕ್ಕಿತು. "ನೋಡು, ಅಪರಿಚಿತ ಮನಷ್ಯಾಗೂ ಕರದು ಕೆಲಸಾ ಕೊಡ್ತಾರ. ಅಂದಮ್ಯಾಲೆ ಮಿಲ್ಲು ಭರ್ಜರಿ ನಡದದ. ಮಾರೂದ ಬ್ಯಾಡ!"

ಪ್ರಶ್ನೆ

ಆ ವರ್ಷ ಮಿಲ್ಲಿನವರು ವರ್ಷಕ್ಕೊಮ್ಮೆ ಶೇರಿಗೆ ಕೊಡುವ ಪುಡಿಗಾಸಿನ ಡಿವಿಡೆಂಡನ್ನೂ ಇಳಿಸುವವರಿದ್ದರು. ಶೇರುದಾರರ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳಿಯೇ ಬಿಡುತ್ತೇನೆಂದು ನಮ್ಮವರು ಶಪಥ ಮಾಡಿದರು. ಇಂಗ್ಲಿಷಿನಲ್ಲಿ ಕೇಳಬೇಕು. ನಾನು ಜೋಳದ ಭಕ್ಕರಿ ಬಡಿಯುತ್ತಿದ್ದರೆ ನನ್ನನ್ನೇ ಅಧ್ಯಕ್ಷ ಎಂದುಕೊಂಡು ದಿನಾ ಅಭ್ಯಾಸ. ಮೊದಲು ನಾಲ್ಕು ಒಳ್ಳೆಯ ಮಾತು ಆಡಬೇಕು, ಆಮೇಲೆ ಹಿಡಿಯಬೇಕು ಎನ್ನುವುದು ಅವರ ಯೋಜನೆ.

ಅರ್ಧ ದಿನದ ಸಂಬಳ ಬಿಟ್ಟು ಸಭೆಗೆ ಹೋದರು. ಸಂಜೆ ಬಂದವರು ಕರವಸ್ತ್ರ ಬಿಚ್ಚಿ, ಅಲ್ಲಿ ಕೊಟ್ಟ ಎರಡು ಬಿಸ್ಕೀಟನ್ನು ಅತ್ತೆಯ ಕೈಗಿಟ್ಟರು.

"ಕೇಳಿದ್ರೇನು?" ಅಂದೆ.

"ಎದ್ದು ನಿಂತೆ. ಸನ್ಮಾನ್ಯ ಅಧ್ಯಕ್ಷರೇ, ತಾವು ಭಾಳ ಕಷ್ಟಪಟ್ಟು ಕಂಪನಿ ನಡಸ್ಲಿಕ್ಕೆ ಹತ್ತೀರಿ, ನಾವೆಲ್ಲಾ ಉಪಕಾರ ಮರಿಯೂದಿಲ್ಲ ಅಂದೆ. ಅಷ್ಟು ಅನ್ನೂದರಾಗ ಎಲ್ಲಾರೂ ಚಪ್ಪಾಳಿ ಹೊಡದ್ರು."

"ಆಮ್ಯಾಲೆ?"

"ಅಧ್ಯಕ್ಷರು ಥ್ಯಾಂಕ್ಯೂ ಅಂದ್ರು. ಡಿವಿಡೆಂಡ್ ಇಳಸೂದಕ್ಕ ಈ ಗೃಹಸ್ಥರ ಅನುಮೋದನಾ ಅದ ಅಂತ ಬರಕೊಂಡ್ರು." ಕರವಸ್ತ್ರ ಮಡಚುತ್ತ ಸೇರಿಸಿದರು, "ಪ್ರಶ್ನಿ ಆಗಿ ಎದ್ದೆ, ಅನುಮೋದನಾ ಆಗಿ ಕೂತೆ."

ಪಗಾರ ಎಷ್ಟು?

ಮೈದುನನಿಗೆ ಒಂದು ಸಂಬಂಧ ಬಂತು. ಹುಡುಗಿಯ ಅಪ್ಪ ಬೆಳಗಾವಿಯ ನಿವೃತ್ತ ಹೆಡ್‌ಮಾಸ್ತರು, ಬಾಂದ್ರಾದ ನೆಂಟರ ಮನೆಯಲ್ಲಿ ಇಳಿದುಕೊಂಡು ಹೆಂಡತಿಯ ಜೊತೆ ನಮ್ಮಲ್ಲಿಗೆ ಬಂದರು. ಹುಡುಗಿ ಒಳ್ಳೆಯವಳು, ಮನೆತನ ಒಳ್ಳೆಯದು. ಹೇಗಾದರೂ ಕೂಡಿ ಬರಲೆಂದು ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು.

ಅವಲಕ್ಕಿ ತಿಂದು ಮುಗಿಸಿ ಮಾಸ್ತರು ಕೇಳಿದರು, "ಪಗಾರ ಎಷ್ಟು ಬರ್ತದ?"

"ತಿಂಗಳಿಂದಲ್ಲರೀ, ದಿನಾ ಲೆಕ್ಕ" ಎಂದ ಮೈದುನ. "ಒಂದೊಂದು ದಿನಾ ನೂರು ರೂಪಾಯಿ ಬರ್ತದ."

ಮಾಸ್ತರು ಮನಸ್ಸಿನಲ್ಲೇ ಮೂವತ್ತರಿಂದ ಗುಣಿಸಿರಬೇಕು. ಕಲೆಕ್ಟರನಿಗೂ ಅಷ್ಟು ಸಂಬಳವಿಲ್ಲ! ಹೆಂಡತಿಯ ಕಡೆ ನೋಡಿ ಕಣ್ಣರಳಿಸಿದರು. ಮೈದುನ ಅಲ್ಲಿಗೇ ನಿಲ್ಲಿಸಬಹುದಿತ್ತು.

"ಒಂದೊಂದು ದಿನಾ ಮೈನಸ್ ನೂರಿಪ್ಪತ್ತು ಆಗ್ತದ."

"ಮೈನಸ್ ಅಂದ್ರ? ಪಗಾರ ನೀವ ಕೊಡ್ತೀರಿ?"

"ಹೌದ್ರೀ."

"ಯಾರಿಗೆ?"

"ಗೊತ್ತಿಲ್ಲರೀ. ಯಾರರೆ ಇರ್ತಾರ."

ಹುಡುಗಿಯ ತಾಯಿ ಸೆರಗು ಸರಿಮಾಡಿಕೊಂಡರು. "ಮುಂಜಾನೆ ತಗೊಂಡದ್ದನ್ನ ಸಂಜಿಗೆ ಕೊಟ್ಟುಬಿಡೂ ಸ್ವಭಾವ ಅಂತ ಕೇಳೇವಿ. ಇಂಥಲ್ಲೆ ಹುಡುಗೀನ್ನ ಹ್ಯಾಂಗ ಕೊಡೂದು?"

ಆಗ ತಮ್ಮನ ನೆರವಿಗೆ ನಮ್ಮವರು ಧಾವಿಸಿದರು. "ಅದರ ಚಿಂತಿ ಬ್ಯಾಡ್ರೀ ತಾಯಿ. ಒಮ್ಮೆ ಮನಿ ಒಳಗ ತಂದದ್ದನ್ನ ಬಿಡೂ ಮನಿತನ ಅಲ್ಲ ನಮ್ಮದು. ಭಾವ ಎಷ್ಟರೆ ಇಳೀಲಿ, ನಾ ಒಂದನ್ನೂ ಬಿಟ್ಟಿಲ್ಲ. ಬೇಕಾದ್ರ ಇಕೀನ್ನ ಕೇಳ್ರಿ!" ಎಂದು ನನ್ನ ಕಡೆ ಬೆರಳು ತೋರಿಸಿದರು.

ಆ ಸಂಬಂಧ ಕೂಡಿ ಬರಲಿಲ್ಲ. ಆದರೆ ನನ್ನ ಭಾವ ಇಳಿದಿದೆ ಎಂಬುದು ನನಗೆ ಅವತ್ತು ಗೊತ್ತಾಯಿತು.

ಗಂಟಲು

ಬಜಾರದಲ್ಲಿ ವ್ಯಾಪಾರವೆಂದರೆ ಕೂಗಾಟ. ನೂರಾರು ಜನ ಒಟ್ಟಿಗೆ ಭಾವ ಕೂಗುತ್ತಾರೆ, ಯಾರ ದನಿ ಮೇಲೋ ಅವನ ವ್ಯಾಪಾರ. ಹೀಗೆ ಕೂಗಿ ಕೂಗಿ ಒಂದು ದಿನ ಮೈದುನನ ಗಂಟಲು ಪೂರ್ತಿ ಹೋಯಿತು. ಬಾಯಿ ತೆಗೆದರೆ ಬರೀ ಗಾಳಿ.

ಚಾಳಿನ ಎದುರಿನ ಡಾಕ್ಟರು ಮಂಗಳೂರು ಕಡೆಯವರು. ಟಾರ್ಚು ಬಿಟ್ಟು ನೋಡಿ ಖಡಾಖಂಡಿತವಾಗಿ ಹೇಳಿದರು, "ಹದಿನೈದು ದಿನ ಮನೆಯಲ್ಲೇ ಮಲಗಿರಬೇಕು, ಒಂದು ಶಬ್ದ ಮಾತಾಡಬಾರದು ಮಾರಾಯ. ಮಾತಾಡಿದರೆ ಮತ್ತೆ ಸ್ವರ ಬರುವುದೇ ಕಷ್ಟ."

ಮೈದುನ ಪಕ್ಕದ ಮನೆಯ ಮಕ್ಕಳ ಪಾಟಿ ಬಳಪ ತಂದು ಅದರ ಮೇಲೆ ಬರೆದು ಬರೆದು ಮಾತಾಡಲು ಶುರುಮಾಡಿದ. ಮನೆ ಇಷ್ಟು ಶಾಂತವಾಗಿದ್ದುದನ್ನು ನಾನು ಕಂಡಿರಲಿಲ್ಲ. ಆದರೆ ಒಂದು ಫಜೀತಿ ಇತ್ತು. ಗಂಟಲು ಹೋದ ದಿನ ಅವನು ಕೊಂಡದ್ದನ್ನು ಮಾರಲು ಆಗಿರಲಿಲ್ಲ. ದಲಾಲನ ಸಾಲದಲ್ಲಿ ಕೊಂಡ ಶೇರು, ಭಾವ ಬೇರೆ ಇಳಿಯುತ್ತಿತ್ತು. ಇನ್ನೂ ಇಳಿದರೆ ಮನೆಯ ಪಾತ್ರೆ ಪಗಡವೇ ಹೋಗಬೇಕು. ಪಾಟಿಯ ತುಂಬ ದೊಡ್ಡ ಅಕ್ಷರದಲ್ಲಿ "ಎಲ್ಲಾ ಮಾರಿ ಬಾ" ಎಂದು ಬರೆದು ಅಣ್ಣನ ಮುಂದೆ ಹಿಡಿದ. ಕೈ ಮುಗಿದ. ಕಣ್ಣಲ್ಲಿ ನೀರು.

ನಮ್ಮವರು ಆಯುಷ್ಯದಲ್ಲಿ ಒಂದು ಶೇರೂ ಮಾರಿದವರಲ್ಲ. ಆದರೂ ತಮ್ಮನ ಸಲುವಾಗಿ ಕಚೇರಿಗೆ ರಜೆ ಹಾಕಿ ಹೋದರು.

ಸಂಜೆ ಬಂದರು. ಮುಖದಲ್ಲಿ ಕಳೆ ಇತ್ತು. ಮೈದುನ ಹಾಸಿಗೆಯಲ್ಲಿ ಎದ್ದು ಕೂತ. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಚಹಾ ಕುಡಿದು ನಮ್ಮವರು ಬಾಯಿ ಬಿಟ್ಟರು.

"ದಲಾಲನ ಕಡೆ ಹೋದೆ. ಭಾವ ಎಷ್ಟು ಅಂತ ಕೇಳಿದೆ. ಭಾಳ ಇಳಿದಿತ್ತು."

ಮೈದುನ ಬೇಗ ಹೇಳು ಎಂಬಂತೆ ಕೈ ಆಡಿಸಿದ.

"ಕಂಪನಿ ಹ್ಯಾಂಗದ ಅಂತ ವಿಚಾರಿಸಿದೆ. ಛಲೋ ಕಂಪನಿ. ಇಂಥಾ ಮಾಲು ಇಷ್ಟು ಸೋವಿ ಸಿಗ್ತಿರಬೇಕಾದ್ರ ಮಾರೂದು ಶುದ್ಧ ಮೂರ್ಖತನ ಅನಸ್ತು. ಅದಕ್ಕ ನಿನ್ನ ಹೆಸರಿಲೆ ಇನ್ನೂ ಅಷ್ಟ ತಗೊಂಡು ಬಂದೆ."

ಪಾಟಿ ನೆಲಕ್ಕೆ ಬಿತ್ತು.

"ಅಣ್ಣಾ!!"

ಆ ಕೂಗಿಗೆ ಮೇಲಿನ ಮಾಳಿಗೆಯವರು ಇಳಿದು ಬಂದರು, ಕೆಳಗಿನವರು ಹತ್ತಿ ಬಂದರು. ಅತ್ತೆ ಮಾತ್ರ ದೇವರ ಮುಂದೆ ಅಡ್ಡಬಿದ್ದರು, "ನನ್ನ ಕೂಸಿಗೆ ಗಂಟಲು ಬಂತು!"

ಮರುದಿನ ಮೈದುನ ತಾನೇ ಬಜಾರಕ್ಕೆ ಓಡಿದ. ಅವನ ಪುಣ್ಯಕ್ಕೆ ಅವತ್ತು ಭಾವ ಏರಿತು. ಎರಡೂ ಪಾಲು ಮಾರಿ, ನಷ್ಟ ತುಂಬಿ, ನಾಲ್ಕು ಕಾಸು ಉಳಿಸಿಕೊಂಡೇ ಬಂದ. ಒಂದೇ ದಿನಕ್ಕೆ ಮಾರಿಬಿಟ್ಟನಲ್ಲ ಎಂದು ನಮ್ಮವರು ಎರಡು ದಿನ ಅವನ ಜೊತೆ ಮಾತು ಬಿಟ್ಟರು.

ಡಾಕ್ಟರು ಬಂದು ಮತ್ತೆ ಗಂಟಲು ನೋಡಿ ಬೆರಗಾದರು. ನಡೆದದ್ದನ್ನೆಲ್ಲ ಅತ್ತೆ ವಿವರವಾಗಿ ಹೇಳಿದರು. ಡಾಕ್ಟರು ಟಾರ್ಚು ಚೀಲಕ್ಕೆ ಹಾಕಿ ಹೊರಗೆ ಬಂದವರು, ಬಾಗಿಲಲ್ಲಿ ನಿಂತು ನನ್ನನ್ನು ಕರೆದು ಮೆಲ್ಲಗೆ ಕೇಳಿದರು:

"ಅಮ್ಮಾ, ಬಜಾರದವನೇ ಇನ್ನೊಬ್ಬ ಪೇಷಂಟ್ ಇದ್ದಾನೆ. ತಿಂಗಳಾಯಿತು, ಏನು ಮದ್ದು ಕೊಟ್ಟರೂ ಸ್ವರ ಬರಲಿಲ್ಲ. ನಿಮ್ಮ ಯಜಮಾನರನ್ನು ಒಂದು ದಿನ ಕಳಿಸಿಕೊಡ್ತೀರಾ? ಅವನ ಹೆಸರಿನಲ್ಲೂ ಏನಾದರೂ ಸ್ವಲ್ಪ ಖರೀದಿ ಮಾಡಿ ಬರಲಿ."