ಹೇಳಿಕೆಯ ಪಟ್ಟಿಯಲ್ಲಿ ಏಳನೆಯವಳು

ನನಗೆ ನೆನಪಿನ ಶಕ್ತಿ ಬಹಳ ಎಂದು ನಾನೇ ಊರಿಡೀ ಹೇಳಿಕೊಂಡು ಬಂದವಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಕೊಚ್ಚಿಕೊಳ್ಳಲು ಬೇರೇನೂ ಇರಲಿಲ್ಲ ನೋಡಿ. ಹಾಗಾಗಿ ಕಿರಿಯ ಮೊಮ್ಮಗನ ಉಪನಯನಕ್ಕೆ ಕರೆಯಬೇಕಾದವರ ಪಟ್ಟಿಯನ್ನು ಬಾಯಲ್ಲೇ ಹೇಳಿ ಬರೆಸಿದೆ. ನಮ್ಮಲ್ಲಿ ಮೊಬೈಲಿನಲ್ಲಿ ಕಾಗದ ಕಳುಹಿಸಿದರೆ ಕರೆದ ಹಾಗಲ್ಲ. ಮನೆಗೇ ಹೋಗಿ ಹೇಳಿಕೆ ಹೇಳಬೇಕು. ಒಂದು ಮನೆ ಬಿಟ್ಟುಹೋಯಿತೋ, ಅವರು ಮತ್ತೆ ನಮ್ಮ ಅಂಗಳ ಮೆಟ್ಟುವುದಿಲ್ಲ.

ಭಾನುವಾರ ಮಗ ಹೇಳಿಕೆಗೆ ಹೊರಡುವವನಿದ್ದ. ಶನಿವಾರ ಮೊಮ್ಮಗಳು ಅನುಷಾ ನನ್ನೆದುರು ಬಂದು ಕುಳಿತಳು. ಅವಳು ವಿದ್ಯಾನಗರದ ಒಂದು ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು.

"ಅಜ್ಜಿ, ದೊಡ್ಡ ತಮ್ಮನ ಉಪನಯನದ ಹಳೇ ಪಟ್ಟಿ ಉಂಟಲ್ಲ, ಅದನ್ನೂ ಇದನ್ನೂ ತಾಳೆ ಹಾಕುವ. ಬಿಟ್ಟುಹೋದವರು ಸಿಕ್ತಾರೆ."

"ನನ್ನ ತಲೆಯ ಮೇಲೆ ನಂಬಿಕೆ ಇಲ್ವಾ ನಿಂಗೆ?"

"ತಲೆಯ ಮೇಲೆ ಉಂಟು, ವಯಸ್ಸಿನ ಮೇಲೆ ಇಲ್ಲ."

ಎರಡು ಪಟ್ಟಿಯನ್ನೂ ಕಂಪ್ಯೂಟರಿನ ಒಳಗೆ ತುಂಬಿಸಿ, ಕಪ್ಪು ಪರದೆಯಲ್ಲಿ ಏನೋ ನಾಲ್ಕು ಸಾಲು ಬರೆದಳು. ಶೆಲ್ ಸ್ಕ್ರಿಪ್ಟ್ ಅಂತೆ. ಹೆಸರುಗಳ ಉದ್ದದ ಸಾಲನ್ನು ತುಂಡು ಮಾಡಿ, ಒಂದೊಂದು ತುಂಡನ್ನು ಒಂದೊಂದು ಗೂಡಿನಲ್ಲಿ ಇಡುವ ಕೆಲಸ. ಆ ಗೂಡುಗಳ ಸಾಲಿಗೆ ಅರೇ ಎಂದು ಹೆಸರು. ಮೊದಲ ಸಲ ನೋಡಿದರೆ ನಮ್ಮ ನೂರೈವತ್ತು ಹೆಸರು ನಾನ್ನೂರು ದಾಟಿತ್ತು! 'ಕಾರಡ್ಕ ದೊಡ್ಡಮನೆ ಗಣಪಣ್ಣ' ಎಂಬ ಒಬ್ಬ ಮನುಷ್ಯ ಕಾರಡ್ಕ, ದೊಡ್ಡಮನೆ, ಗಣಪಣ್ಣ ಎಂದು ಮೂರು ಗೂಡಿನಲ್ಲಿ ಕುಳಿತಿದ್ದ.

"ಖಾಲಿ ಜಾಗ ಕಂಡಲ್ಲೆಲ್ಲ ಕತ್ತರಿಸಿದೆ ಅಜ್ಜಿ."

"ಗಣಪಣ್ಣ ಮೂರಾಳಿನ ಊಟ ಮಾಡುವವ ಅಂತ ಇದಕ್ಕೆ ಯಾರು ಹೇಳಿದ್ದು ಮಾರಾಯ್ತಿ?"

ಅವಳು ನಗುತ್ತಾ, ಒಂದೊಂದು ಹೆಸರು ಮುಗಿದಲ್ಲಿ ಹಾಕಿದ ಅಲ್ಪವಿರಾಮದಲ್ಲಿ ಮಾತ್ರ ಕತ್ತರಿಸುವಂತೆ ತಿದ್ದಿದಳು. ಆಮೇಲೆ ಶಾಲೆಯ ಮಕ್ಕಳಂತೆ ಎರಡೂ ಪಟ್ಟಿಯವರನ್ನು ಅಕ್ಷರದ ಪ್ರಕಾರ ಸಾಲು ನಿಲ್ಲಿಸಿದಳು. ಸಾಲು ತಪ್ಪಿದರೆ ತಾಳೆಯೂ ತಪ್ಪುತ್ತದಂತೆ. ಕೊನೆಗೆ ಹಳೆಯದರಲ್ಲಿ ಇದ್ದು ಹೊಸದರಲ್ಲಿ ಇಲ್ಲದವರು ಏಳು ಮಂದಿ ಎಂದು ಬಂತು. ಒಂದೊಂದೇ ಹೆಸರು ಓದಿದಳು. ನಾನು "ಸತ್ತ", "ಸತ್ತಳು" ಎನ್ನುತ್ತಾ ಹೋದೆ. ಹತ್ತು ವರ್ಷದಲ್ಲಿ ಆರು ಮಂದಿ. ನನ್ನ ನೆನಪಿನ ಬಗ್ಗೆ ನನಗೇ ಹೆಮ್ಮೆಯಾಯಿತು.

"ಅಗಲ್ಪಾಡಿ ಶಾರದತ್ತೆ. ಇವರೂ ಹೋದ್ರಾ?"

"ಅವಳೆಲ್ಲಿ ಹೋಗ್ತಾಳೆ, ಗಟ್ಟಿ ಇದ್ದಾಳೆ."

"ಮತ್ತೆ ಹೆಸರು ಯಾಕಿಲ್ಲ?"

"ನಿನ್ನ ಮಿಷನ್ ತಿಂದಿರಬೇಕು."

"ಮಿಷನ್ ಹೇಳಿದ್ದಕ್ಕೇ ಅಲ್ವಾ ಗೊತ್ತಾದದ್ದು ಅಜ್ಜಿ!"

ಶಾರದೆ ನನ್ನ ಗಂಡನ ತಂಗಿ. ಹಿಂದಿನ ಉಪನಯನದಲ್ಲಿ ಚಪ್ಪರ ತುಂಬ ಜನರ ಎದುರು, "ಮಜ್ಜಿಗೆಹುಳಿಗೆ ಉಪ್ಪು ಹಾಕಲು ಅತ್ತಿಗೆಗೆ ಹೇಳ್ಬೇಡಿ, ಸಮುದ್ರ ಖಾಲಿಯಾದೀತು" ಎಂದವಳು. ನಿಜ ಹೇಳುತ್ತೇನೆ, ಪಟ್ಟಿ ಬರೆಸುವಾಗ ಅವಳ ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಮಗನಿಗೆ ಇರುವವಳು ಅವಳೊಬ್ಬಳೇ ಸೋದರತ್ತೆ ಎಂಬುದೂ ಗೊತ್ತಿತ್ತು. ಆದರೂ ನುಂಗಿದೆ.

ವಿಷಯ ಮಗನ ಕಿವಿಗೆ ಬಿತ್ತು. "ಅತ್ತೆ ಇಲ್ಲದೆ ಉಪನಯನ ಹೇಗೆ ಅಮ್ಮ? ಬಿಟ್ಟದ್ದು ನೀನು, ಹೇಳಿಕೆಗೂ ನೀನೇ ಹೋಗು" ಎಂದ.

ಮರುದಿನ ಬಸ್ಸು ಹತ್ತಿ ಅಗಲ್ಪಾಡಿಗೆ ಹೋದೆ. ಶಾರದೆ ಚಾಪೆ ಹಾಸಿ, ನೀರು ಕೊಟ್ಟು, ಎದುರು ನಿಂತಳು.

"ಹೇಳಿಕೆಗೆ ಮಗ ಬರುವುದಲ್ವಾ? ನೀನು ಬಂದದ್ದು ಎಂತಕ್ಕೆ?"

"ಕಂಪ್ಯೂಟರ್ ನಿನ್ನ ಹೆಸರು ಬಿಟ್ಟುಬಿಟ್ಟಿತು ಮಾರಾಯ್ತಿ. ನನಗೆ ಮನಸ್ಸು ಕೇಳಲಿಲ್ಲ, ನಾನೇ ಬಂದೆ."

"ಓಹೋ! ಕಂಪ್ಯೂಟರಿಗೂ ನನ್ನ ಮೇಲೆ ಸಿಟ್ಟಾ? ಅದನ್ನೂ ನೀನೇ ಸಾಕಿದ್ದಾ ಅತ್ತಿಗೆ?"

ನಾನು ನೀರು ಕುಡಿಯುತ್ತಲೇ ಇದ್ದೆ. ಲೋಟ ಆಗಲೇ ಖಾಲಿಯಾಗಿತ್ತು.

"ಇಷ್ಟು ಪ್ರೀತಿಯಿಂದ ಬಂದು ಕರೆದಿದ್ದಿ, ನಾಲ್ಕು ದಿನ ಮೊದಲೇ ಬರ್ತೇನೆ" ಎಂದಳು ಶಾರದೆ. ನಾನು ತಪ್ಪು ಒಪ್ಪಿಕೊಂಡಿದ್ದರೆ ಬಹುಶಃ ಉಪನಯನದ ದಿನ ಬಂದು ಊಟ ಮುಗಿಸಿ ಹೋಗುತ್ತಿದ್ದಳು.