ಹೆಂಡತಿಯ ಕೈಯಲ್ಲಿ ಓಡುತ್ತಿರುವ ವಾಚಿನ ಬಗ್ಗೆ

ಇಂದ:
ಅಶ್ವಥ್ ಬಿನ್ ಕರಿಯಪ್ಪ,
ಜಗುಲಿ, ಸ್ವಂತ ಮನೆ,
ಹೊಂಗನೂರು, ಚನ್ನಪಟ್ಟಣ ತಾಲ್ಲೂಕು.

ಗೆ:
ಶ್ರೀಮತಿ ಲತಾಮಣಿ ಕೋಂ ಅಶ್ವಥ್,
ಅಡುಗೆಮನೆ ಹಾಗೂ ಹುಳುಮನೆ,
ಅದೇ ವಿಳಾಸ.

ವಿಷಯ: ಆಟೋಮ್ಯಾಟಿಕ್ ವಾಚನ್ನು ಒಂದು ದಿನದ ಮಟ್ಟಿಗೆ ಮರಳಿಸುವ ಬಗ್ಗೆ.
ಉಲ್ಲೇಖ: ಮುದ್ದೆ ಬಡಿಸುವಾಗ ತಾವು ನೀಡಿದ ಮೌಖಿಕ ತಿರಸ್ಕಾರ.

ಮಾನ್ಯ ಯಜಮಾನಿಯವರೇ,

ಸದರಿ ಅರ್ಜಿದಾರರು ವಿನಂತಿಸುವುದೇನೆಂದರೆ:

೧. ತಾವು ಬೆಳೆದ ರೇಷ್ಮೆಗೂಡನ್ನು ರಾಮನಗರದ ಮಾರ್ಕೆಟ್ಟಿನಲ್ಲಿ ಮಾರಿದ ಅರ್ಜಿದಾರರು ಆ ಹಣದಲ್ಲಿ ಹುಳುಮನೆಗೆ ಶೀಟು ತರಬೇಕಾಗಿದ್ದು, ಬೆಂಗಳೂರಿಗೆ ಹೋಗಿ ವಾಚು ತಂದರು. ಕೀಲಿ ಬೇಡ, ಸೆಲ್ಲು ಬೇಡ, ಕೈ ಆಡಿದರೆ ತಾನೇ ಓಡುತ್ತದೆ ಎಂದು ಅಂಗಡಿಯವರು ತಿಳಿಸಿದ್ದು ನಿಜ. ಆ ಸಮಯದಲ್ಲಿ ಅರ್ಜಿದಾರರು ಕನ್ನಡಿ ನೋಡಿಕೊಳ್ಳುತ್ತಿದ್ದರು.

೨. ಸೊಪ್ಪು ಕೊಯ್ಯುವುದು, ಹುಳುವಿಗೆ ಹಾಕುವುದು, ಹಾಲು ಕರೆಯುವುದು ಎಲ್ಲವೂ ತಮ್ಮ ಇಲಾಖೆಗೆ ಸೇರಿದ ಕಾರಣ ಅರ್ಜಿದಾರರ ಕೈಗೆ ಕೆಲಸವಿರಲಿಲ್ಲ. ಮೇಲಾಗಿ ಗೀರು ಬಿದ್ದೀತೆಂದು ಎಡಗೈಯನ್ನು ತೊಡೆಯಿಂದ ಎತ್ತಲಿಲ್ಲ.

೩. ತಮ್ಮ ಅಣ್ಣ ಸ್ವಾಮಿಯವರ ಮಗಳು ಶ್ವೇತಳ ನಿಶ್ಚಿತಾರ್ಥದಲ್ಲಿ, ಮುಹೂರ್ತ ನೋಡುವ ಹೊಣೆಯನ್ನು ಅರ್ಜಿದಾರರು ಕೇಳಿ ಪಡೆದರು. ಮೊಬೈಲ್ ತೆಗೆದವರನ್ನೆಲ್ಲ ಗದರಿ, ಇನ್ನೂ ಹೊತ್ತಿದೆ ಎಂದು ಕೋಡಿಹಳ್ಳಿಯ ಬೀಗರಿಗೆ ಎರಡನೇ ಸಲ ಕಾಫಿ ಕೊಡಿಸಿದರು. ಕೊನೆಗೆ ಸ್ವಾಮಿಯವರು ಕಿವಿಯ ಬಳಿ ಬಂದು, "ಭಾವ, ನಿಮ್ ವಾಚು ನಿಂತೋಗೈತೆ. ರಾಹುಕಾಲ ಬಂದು ಕುಂತೈತೆ" ಎಂದರು. ಬೀಗರು ಎದ್ದು ಚಪ್ಪಲಿ ಹುಡುಕತೊಡಗಿದರು. ತಾವು ಅವರ ಕೈಹಿಡಿದು ಬೇಡಿಕೊಂಡಿದ್ದರಿಂದ ಉಂಗುರ ಮಧ್ಯಾಹ್ನವಾದರೂ ಬದಲಾಯಿತು.

೪. ಆದ್ದರಿಂದ ಅರ್ಜಿದಾರರು ವಾಚನ್ನು ರಿಪೇರಿಗೆ ಒಯ್ದರು. ಅಲ್ಲಿಯವರು ದೋಷವಿಲ್ಲವೆಂದು ಹೇಳಿ, ಕಟ್ಟಿಕೊಳ್ಳುವವರು ಏನು ಕೆಲಸ ಮಾಡುತ್ತಾರೆ ಎಂದು ಕೇಳಿದರು. ಅರ್ಜಿದಾರರು ವಾಚನ್ನು ಜೇಬಿಗಿಟ್ಟುಕೊಂಡು ಬಸ್ಸು ಹತ್ತಿರುತ್ತಾರೆ.

೫. ವಿಷಯ ತಿಳಿದ ತಾವು, "ಕೊಡಿ ಇಲ್ಲಿ, ನನ್ ಕೈ ಸುಮ್ಕಿರಾಕಿಲ್ಲ" ಎಂದು ವಾಚನ್ನು ವಶಪಡಿಸಿಕೊಂಡಿದ್ದು, ಅಂದಿನಿಂದ ಅದು ಒಂದು ಗಳಿಗೆಯೂ ನಿಂತಿರುವುದಿಲ್ಲ. ಸಗಣಿ ಮೆತ್ತಿದ ಗಾಜನ್ನು ತಾವು ಸೆರಗಿನಲ್ಲಿ ಒರೆಸುವುದನ್ನು ಅರ್ಜಿದಾರರು ಜಗುಲಿಯಿಂದಲೇ ನೋಡಿ ಸಹಿಸಿರುತ್ತಾರೆ. ಊರವರು ಈಗ ಗಂಟೆಯನ್ನು ತಮ್ಮನ್ನೇ ಕೇಳುತ್ತಾರೆ.

ಆದಕಾರಣ, ಭಾನುವಾರದ ಶ್ವೇತಳ ಮದುವೆಗೆ ಮಾತ್ರ ವಾಚನ್ನು ದಯಪಾಲಿಸಬೇಕಾಗಿ ಪ್ರಾರ್ಥನೆ.

ತಮ್ಮ ಆಜ್ಞಾಧಾರಕ ಗಂಡ,
ಅಶ್ವಥ್

ಅಡಕ: ವಾರಂಟಿ ಕಾರ್ಡು, ಮಖಮಲ್ಲಿನ ಖಾಲಿ ಪೆಟ್ಟಿಗೆ.

ವಿ.ಸೂ.: ವಾಚು ನಿಂತಿದ್ದರೂ ಅಡ್ಡಿಯಿಲ್ಲ. ಫೋಟೋದಲ್ಲಿ ಯಾರ ವಾಚೂ ಓಡುವುದಿಲ್ಲ.